ಗೈರು

ಇಲ್ಲಿ ಹೆಸರಿಗಿಂತ ಮೊದಲು ಮನೆಹೆಸರು ಕೇಳುತ್ತಾರೆ.
ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಿತ್ತಳೆ ಮಾರುವವಳು ಕೇಳಿದಳು,
ಜೀಪಿನವನೂ ಕೇಳಿದ: ಯಾರ ಪೈಕಿ ನೀವು?
ಹುಬ್ಬಳ್ಳಿ, ಅಂದೆ.
ಅದು ಊರಾಯಿತು, ಅಂದ.

ತೋಟದ ಆಫೀಸಿನಲ್ಲಿ ರೈಟರ್ ಬೆಳ್ಯಪ್ಪ
ಅದನ್ನೇ ಕೇಳಿ, ಉತ್ತರಕ್ಕೆ ಕಾಯದೆ ಚಹಾ ತರಿಸಿ,
ಗೊಬ್ಬರದ ಮೂಟೆಗಳ ಹಿಂದಿನಿಂದ
ಎಂಬತ್ತೊಂಬತ್ತರ ಚೆಕ್‌ರೋಲು ಎಳೆದು ತಂದರು.
ಗೆದ್ದಲು ಡಿಸೆಂಬರಿನಿಂದ ಹಿಂದಕ್ಕೆ ತಿನ್ನುತ್ತ ಬಂದು
ಏಪ್ರಿಲಿನಲ್ಲಿ ನಿಂತಿತ್ತು.
ಮಾರ್ಚ್ ಉಳಿದಿತ್ತು.

ನನ್ನ ಹತ್ತಿರ ಇದ್ದದ್ದು ಸಾಕಿದವ್ವನ ಒಂದು ಮಾತು:
‘ಆ ವಾರ ಕಾಫಿ ಹೂ ಬಿಟ್ಟಿತ್ತಂತ, ನಿನ್ನ ಕೈಗಿಟ್ಟ ಸಿಸ್ಟರು ಅಂದ್ರು.
ಸುತ್ತಿದ ಅರಿವಿಗೂ ಆ ವಾಸನಿ.
ಮೂರು ದಿನಾ ನಾ ಅದನ್ನ ಒಗೀಲೇ ಇಲ್ಲ ನೋಡು.’

ಬೆಳ್ಯಪ್ಪನವರ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು.
ಜೋಗಿ, ಕರಿಯ, ಚೀರಿ, ಬೊಳಕ.
ಮನೆಹೆಸರಿನ ಜಾಗದಲ್ಲಿ ನಂಬರು.
ಹಾಜರಿಗೆ ಗೀಟು, ಗೈರಿಗೆ ಸೊನ್ನೆ.
ಹೂವಿನ ವಾರದಲ್ಲಿ ಮೂವರು ಹೆಂಗಸರ ಮುಂದೆ ಸೊನ್ನೆ.
ಒಬ್ಬಳಿಗೆ ಜ್ವರ, ಪಕ್ಕದಲ್ಲೇ ಬರೆದಿದೆ.
ಒಬ್ಬಳು ಕುಟ್ಟಕ್ಕೆ, ಅಣ್ಣನ ಸಾವಿಗೆ.
ಮುತ್ತಿ, ನಂಬರು ನಲವತ್ತೇಳು:
ಸೊನ್ನೆ,
ಸೊನ್ನೆ,
ಆಮೇಲೆ ಗೀಟು. ಸ್ಪ್ರಿಂಕ್ಲರ್ ಪೈಪು ಹೊತ್ತದ್ದು, ಪೂರ್ತಿ ದಿನ.

ಎರಡೇ ದಿನ.
ನನಗೆ ಹಲ್ಲು ಕಿತ್ತಾಗ ವಾರ ರಜೆ ಹಾಕಿದ್ದೆ.

ಕಾರಣದ ಕಾಲಂ ಖಾಲಿ.
‘ಅಕ್ಷರ ನಮ್ಮ ತಂದೆಯದು,’ ಅಂದರು ಬೆಳ್ಯಪ್ಪ,
‘ಅವರೂ ಇಲ್ಲೇ ರೈಟರು.
ಕಾರಣ ಬರೆಯದೆ ಬಿಡುವ ಮನುಷ್ಯನಲ್ಲ.
ಆಳು ಸೀನಿದರೂ ಬರೆಯುತ್ತಿದ್ದರು.’
ನಕ್ಕರು. ನಗು ಅರ್ಧಕ್ಕೆ ನಿಂತಿತು.
ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು,
ನನ್ನ ಕಿವಿ ನೋಡಿದರು, ಗಲ್ಲ ನೋಡಿದರು,
ಗೋಡೆಯ ಮೇಲಿನ ಹಾರ ಹಾಕಿದ ಫೋಟೋದತ್ತ
ನೋಡದೇ ಇರಲು ಕಿಟಕಿಗೆ ತಿರುಗಿದರು.
ನಾನು ನೋಡಿದೆ.

ಚಹಾ ಕೆನೆಗಟ್ಟಿತ್ತು.
ಮುತ್ತಿ ಎಲ್ಲಿ ಈಗ?
ಲೈನು ಕೆಡವಿದ ಮೇಲೆ ತಿತಿಮತಿ ಕಡೆ ಹೋದರು,
ಹಾಡಿಯಲ್ಲಿ ಕೇಳಬೇಕು. ಇದ್ದರೆ.

ಜೀಪಿನವನನ್ನು ಕಳಿಸಿ ಅವರೇ ಸ್ಟಿಯರಿಂಗಿಗೆ ಕೂತರು.
ಪಾಲಿಬೆಟ್ಟ ದಾಟಿತು, ಗೋಣಿಕೊಪ್ಪ ದಾಟಿತು.
ಮನೆಹೆಸರು ಅವರು ಮತ್ತೆ ಕೇಳಲಿಲ್ಲ,
ಅವರದನ್ನು ನಾನೂ.
ದಾರಿಯುದ್ದಕ್ಕೂ ಕೊಯ್ಲು ಮುಗಿದ ಬರಿಗಿಡಗಳು.
‘ಹೂವಿಗೆ ಇನ್ನೂ ಒಂದು ಮಳೆ ಬೇಕು,’ ಅಂದರು
ಗೇರು ಬದಲಿಸುತ್ತ,
ಪಕ್ಕದಲ್ಲಿ ಯಾರೂ ಇಲ್ಲವೆಂಬಂತೆ.