ಮುಕ್ಕಾಲು

ಹಾಪ್ಸಲುವಿನ ಆಸ್ಪತ್ರೆಯಲ್ಲಿ ಬೆಳಗಾಗುವುದು
ಗಂಜಿಗಾಡಿಯ ಒಂದು ಚಕ್ರದಿಂದ.
ಮೂರು ಸುಮ್ಮನೆ ಉರುಳುತ್ತವೆ, ನಾಲ್ಕನೆಯದು
ಮೇಲಿನ ಸ್ವರಕ್ಕೆ ಕೂದಲೆಳೆ ಕಡಿಮೆಯಾಗಿ
ಓಣಿಯುದ್ದಕ್ಕೂ ಕೀ ಎಂದು ಎಳೆಯುತ್ತದೆ.
ಎಣ್ಣೆ ಹಾಕಬೇಡಿ ಎಂದು ನಾನೇ ಹೇಳಿದ್ದೇನೆ.
ಪಕ್ಕದ ಮಂಚದ ಮಾಲ್ಲೆ ಹೊದಿಕೆಯೊಳಗಿಂದಲೇ
"ನಿನ್ನ ಸಂಗೀತಕ್ಕಿಷ್ಟು ಬೆಂಕಿ ಹಾಕ" ಅನ್ನುತ್ತಾಳೆ.
ಅದೇ ಅವಳ ಸುಪ್ರಭಾತ.

ನಾನು ಹೆಲ್ಯು. ವೊರ್ಮ್ಸಿ ದ್ವೀಪದ ಅಂಚೆಯವಳು.
ಭಾನುವಾರ ಮಾತ್ರ ಪ್ರಾರ್ಥನೆಮನೆಯಲ್ಲಿ
ತುಳಿಯುವ ಹಾರ್ಮೋನಿಯಂ.
ಎಡಪಾದ ಒತ್ತಿದರೆ ಒಂದು ಉಸಿರು,
ಬಲಪಾದ ಒತ್ತಿದರೆ ಇನ್ನೊಂದು.
ಬೆರಳಿಗೆ ಎಲ್ಲರೂ ಶಾಭಾಸ್ ಅನ್ನುತ್ತಾರೆ,
ದುಡಿಯುವುದು ಕೆಳಗೆ, ಕತ್ತಲಲ್ಲಿ, ಉಣ್ಣೆಯ ಕಾಲುಚೀಲದೊಳಗೆ.

ಫೆಬ್ರವರಿಯಲ್ಲಿ ಯಾರದೋ ಪಾರ್ಸೆಲ್ ತಬ್ಬಿಕೊಂಡು
ದೋಣಿಕಟ್ಟೆಯ ಹಿಮದ ಮೇಲೆ ಜಾರಿದೆ.
ಪಾರ್ಸೆಲ್ಲಿಗೆ ಏನೂ ಆಗಲಿಲ್ಲ.
ಸೊಂಟ ಮುರಿಯಿತು, ಒಳಗೊಂದು ನರ ನಲುಗಿತು.
ಅಂದಿನಿಂದ ಎಡಪಾದ
ಕರೆದರೆ ಓಗೊಡುವುದಿಲ್ಲ,
ಬಾಡಿಗೆ ಕೊಡದ ನೆಂಟನ ಹಾಗೆ
ನನ್ನ ಕೆಳಮನೆಯಲ್ಲಿ ಬಿದ್ದುಕೊಂಡಿದೆ.

ಕೈಸಾ ಬರುತ್ತಾಳೆ ಹತ್ತು ಗಂಟೆಗೆ,
ಇಪ್ಪತ್ತಾರರ ಹುಡುಗಿ, ಬಾಯಲ್ಲಿ ಪುದೀನದ ಚೂಯಿಂಗ್ ಗಮ್.
"ಮೊದಲು ಕೋಲು, ಆಮೇಲೆ ಕೆಟ್ಟ ಕಾಲು, ಆಮೇಲೆ ಒಳ್ಳೆಯದು."
ಕೆಟ್ಟದು ಅನ್ನಬೇಡ ಕಣೇ,
ನಲವತ್ತು ವರ್ಷ ಅದು ಕೀರ್ತನೆಗೆ ಗಾಳಿ ಹಾಕಿದೆ.
ಅವಳು ನಗುತ್ತಾಳೆ, ಬರೆದುಕೊಳ್ಳುತ್ತಾಳೆ:
ಮೊಣಕಾಲು ಮಡಚುವುದು, ಎಪ್ಪತ್ತೆರಡು ಡಿಗ್ರಿ.

ಮಧ್ಯಾಹ್ನ ಬಿಸಿಲಿದ್ದರೆ ರೈಲು ನಿಲ್ದಾಣಕ್ಕೆ.
ಇಲ್ಲಿಗೆ ರೈಲು ಬರುವುದು ನಿಂತು ಎಷ್ಟೋ ಕಾಲವಾಯಿತು,
ಉದ್ದದ ಪ್ಲಾಟ್‌ಫಾರ್ಮು ಮಾತ್ರ ಮರದ ಚಾವಣಿ ಹೊತ್ತು
ಇನ್ನೂ ಯಾರನ್ನೋ ಕಾಯುತ್ತಿರುವ ಹಾಗಿದೆ.
ನನಗೂ ರೈಲಿಗೂ ಇಲ್ಲಿ ಒಂದೇ ವೇಳಾಪಟ್ಟಿ.

ಟಕ್. ಸರ್ರ. ಧಪ್.
ಕೋಲು. ಎಡ. ಬಲ.
ಟಕ್. ಸರ್ರ. ಧಪ್.
ನಾಲ್ಕನೇ ಕಂಬ ದಾಟುವಾಗ
ಚಾವಣಿ ಅದನ್ನೇ ಮರಳಿ ಕೊಟ್ಟಿತು,
ನಿಂತುಬಿಟ್ಟೆ.
ಇದು ವಾಲ್ಟ್ಸ್ ಅಲ್ಲವೇ? ಮೂರರ ಎಣಿಕೆ,
ಸುಗ್ಗಿಯ ಅಟ್ಟದ ಮೇಲೆ ಅರ್ವೋ ನನ್ನನ್ನು ತಿರುಗಿಸುತ್ತಿದ್ದದ್ದು,
ಹುಲ್ಲಿನ ಧೂಳಿಗೆ ಸೀನುತ್ತ, ಹೆಜ್ಜೆ ತಪ್ಪುತ್ತ.
ಇಡೀ ಕಾಲಿದ್ದಾಗ ನಡೆದೆ, ಅಷ್ಟೆ.
ಮೂರು ಕಾಲಾದ ಮೇಲೆ
ಮುಕ್ಕಾಲಿನ ತಾಳ ತಾನಾಗಿ ಬಂತು.

ಆ ರಾತ್ರಿ ವ್ಯಾಯಾಮದ ಗಾಳಿದಿಂಬನ್ನು
ಮಂಚದ ಕೆಳಗಿಟ್ಟು ತುಳಿದೆ.
ಬಲಪಾದಕ್ಕೆ ಬುಸ್, ಎಡಕ್ಕೆ ಏನಿಲ್ಲ.
ಬುಸ್, ಏನಿಲ್ಲ. ಬುಸ್, ಏನಿಲ್ಲ.
ಮೂರನೆಯ ವಾರ ಎಡಗಡೆಯಿಂದ
ಮಗುವಿನ ನಿಟ್ಟುಸಿರಷ್ಟು.
ಮಾಲ್ಲೆ ಲಕ್ವ ಹೊಡೆದ ತೋಳಿನ ಸಂದಿಗೆ
ಸೂಜಿ ಸಿಕ್ಕಿಸಿ ಒಂದೇ ಕೈಯಲ್ಲಿ ಹೆಣೆಯುತ್ತಿದ್ದವಳು
ತಲೆಯೆತ್ತಲಿಲ್ಲ.
"ಹಾವು ಸಾಕಿದ್ದೀಯಾ?" ಎಂದಳು.

ಮೇ ತಿಂಗಳಲ್ಲಿ ಕೈಸಾ ಕೋಲು ಕಿತ್ತುಕೊಂಡಳು.
ನಡೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು.
ನನಗೆ ಮಾತ್ರ ಒಂದು ನಷ್ಟ ಕೇಳಿಸಿತು:
ಎಡ ಬಲ, ಎಡ ಬಲ,
ಸಿಪಾಯಿಗಳ ನಡಿಗೆ, ಚಿಕ್ಕಂದಿನಲ್ಲಿ
ಧ್ವಜದ ದಿನ ಶಾಲೆಯಂಗಳದಲ್ಲಿ ಕಲಿಸಿದ್ದು.
ಇದಕ್ಕಾಗಿಯೇ ಇಷ್ಟು ಬೆವರೇ?
ಯಾರಿಗೂ ಹೇಳಲಿಲ್ಲ. ಕಿರುಬೆರಳಿನಲ್ಲಿ
ತೊಡೆಯ ಮೇಲೆ ತಟ್ಟಿಕೊಂಡೆ, ಕಳೆದುಹೋದ ಮೊದಲನೆಯ ಪೆಟ್ಟು.

ಡಾಕ್ಟರು ಕಾಗದ ನೋಡುತ್ತ ಅಂದರು,
"ಮುಕ್ಕಾಲು ವಾಸಿ. ಇನ್ನು ಮನೆಗೆ ಹೋಗಬಹುದು."
ಉಳಿದ ಕಾಲು?
"ಅದು," ಎಂದು ಕನ್ನಡಕ ತೆಗೆದು ಒರೆಸಿದರು.
ಒರೆಸುತ್ತಲೇ ಇದ್ದರು.

ಹೊರಡುವ ಬೆಳಿಗ್ಗೆ ತಡವಾಗಿ ಎಚ್ಚರವಾಯಿತು.
ಗಂಜಿ ತಟ್ಟೆಯಲ್ಲಿ ಆರಿ ಕೆನೆಗಟ್ಟಿತ್ತು.
ಮಾಲ್ಲೆ ಎದ್ದು ಕೂತು, ಕೂದಲು ಕೆದರಿಕೊಂಡು,
ಓಣಿಯ ಕಡೆ ಕೂಗುತ್ತಿದ್ದಳು:
"ಯಾವ ಕತ್ತೆ ಆ ಚಕ್ರಕ್ಕೆ ಎಣ್ಣೆ ಹಾಕಿದ್ದು?"