ಉಗುರು ಬಣ್ಣ

ಮೊದಲ ಸಲ ಖಾತೆಗೆ ಹಣ ಬಿದ್ದಾಗ ಪೆಂಚಲಮ್ಮ
ಮೊಟ್ಟೆ ತರಲಿಲ್ಲ, ಬೇಳೆ ತರಲಿಲ್ಲ.
ಸಂಜೆ ಕಾಟನ್‌ಪೇಟೆಗೆ ಹೋಗಿ
ನೇರಳೆ ಉಗುರು ಬಣ್ಣದ ಸೀಸೆ ತಂದಳು.

ಬೈದೆ. ಅಂಗನವಾಡಿ ಟೀಚರು ನಾನು,
ಬೈಯುವುದೂ ನನ್ನ ಗೌರವಧನದೊಳಗೇ ಸೇರಿದೆ.
'ಮಗಳ ತೋಳು ನೋಡಿದೀಯಾ?
ಟೇಪಿನಲ್ಲಿ ಇನ್ನೂ ಹಳದಿ. ನಾಲ್ಕು ತುಂಬಿದರೂ
ಹನ್ನೊಂದೂವರೆ ಕೆಜಿ. ನಿನಗೆ ಶೋಕಿ.'
ಅವಳು ತಲೆ ಎತ್ತಲಿಲ್ಲ. ಬೆಳ್ಳುಳ್ಳಿ ಸುಲಿಯುತ್ತಿದ್ದಳು.

ಬಕ್ಷಿ ಗಾರ್ಡನ್ನಿನ ಈ ಓಣಿಗೆ ನಸುಕಿಗೇ
ಕಲಾಸಿಪಾಳ್ಯದಿಂದ ಮೂಟೆ ಬರುತ್ತದೆ.
ಸುಲಿದು ಕೊಟ್ಟರೆ ಕಿಲೋಗೆ ಇಷ್ಟು ಅಂತ.
ಸಿಪ್ಪೆ ಹಾರೀತೆಂದು ಬೇಸಿಗೆಯಲ್ಲೂ ಫ್ಯಾನು ಹಾಕುವಂತಿಲ್ಲ.
ಸಣ್ಣ ಎಸಳಿಗೆ ಸಣ್ಣ ಬೆರಳೇ ಸಲೀಸು, ಹಾಗಾಗಿ
ಸಿರೀಷಾಳೂ ಕೂರುತ್ತಿದ್ದಳು ಅಮ್ಮನ ಎದುರು,
ಉಗುರಿನ ಬುಡ ಕೆಂಪಗೆ ಬೆಂದು,
ಸಾರನ್ನ ಕಲಸಿದರೆ ಉರಿಯೆಂದು ತಟ್ಟೆ ದೂಡಿ.

ಇದು ನನಗೆ ಹೊಳೆದದ್ದು
ಹಾಜರಿ ಕರೆಯುವಾಗ ಒಂದು ದಿನ
ಹತ್ತೂ ಬೆರಳು ಅಗಲಿಸಿ ಅವಳು ಅಂದಾಗ:
'ಟೀಚರ್, ನಾನು ಬೆಳ್ಳುಳ್ಳಿ ಮುಟ್ಬಾರ್ದಂತೆ.
ಬಣ್ಣ ಹೋಗ್ತದಂತೆ.'

ದಿನಕ್ಕೊಂದು ಮೂಟೆ ಕಡಿಮೆ ಇಳಿಸಿಕೊಂಡಿದ್ದಳು ಪೆಂಚಲಮ್ಮ;
ಆ ಮೂಟೆಯ ಜಾಗದಲ್ಲಿ ಆ ಹಣ ಕೂತಿತ್ತು.
ಬೈದದ್ದನ್ನು ವಾಪಸು ತಗೊಳ್ಳಲು ಬಾಯಿ ಬರಲಿಲ್ಲ.
ಆವತ್ತು ಮೊಟ್ಟೆ ಸಿರೀಷಾಗೆ ಮೊದಲು ಕೊಟ್ಟೆ, ಅಷ್ಟೇ.

ಮನೆಗೂ ಮೊಟ್ಟೆ ಬಂತು, ಆಮೇಲೆ.
ನಡುವೆ ಎರಡು ತಿಂಗಳು ಹಣವಿಲ್ಲ,
ಫೋನು ತಟ್ಟಿ ತಟ್ಟಿ ನೋಡಿದಳು,
ಬಿಟ್ಟ ಮೂಟೆ ಹೊಸಿಲಿಗೆ ಮರಳಿತು.
ರಾತ್ರಿ ಒಬ್ಬಳೇ ಸುಲಿದಳಂತೆ.
ಮಗಳ ಬೆರಳಿಗೆ ಬಣ್ಣ ಮಾತ್ರ ತಪ್ಪಲಿಲ್ಲ,
ಸೀಸೆಯ ತಳವನ್ನು ಪೊರಕೆಕಡ್ಡಿಯಲ್ಲಿ ಕೆರೆದು ಕೆರೆದು.

ಈಗ ತೂಕ ಹನ್ನೆರಡು ಕೆಜಿ ಇನ್ನೂರು ಗ್ರಾಂ.
'ಇಷ್ಟು ದಿನಕ್ಕೆ ಇಷ್ಟೇನಾ?' ಮೇಲ್ವಿಚಾರಕಿ ಕೇಳಿದರು.
ಇಷ್ಟೇ ಮೇಡಂ, ಅಂದೆ.
ಹಿಂದೆ ಚಾಪೆಯ ಮೇಲೆ ಒಂದೊಂದೇ ಉಗುರು ಮುಟ್ಟುತ್ತ
ಸಿರೀಷಾ ಏಳರ ನಂತರ ಒಂಬತ್ತು ಎಣಿಸಿದಳು,
ತಾನೇ ತಿರುಗಿ ಎಂಟಕ್ಕೆ ಬಂದಳು.

ನಿನ್ನೆ ಓಣಿಯಲ್ಲಿ ಹಾದು ಬರುವಾಗ ಕಂಡೆ
ಪೆಂಚಲಮ್ಮನ ಕಿರುಬೆರಳಿಗೂ ನೇರಳೆ,
ಉಗುರು ದಾಟಿ ಚರ್ಮಕ್ಕೆಲ್ಲ ಮೆತ್ತಿ.
'ಅವಳು ಹಚ್ಚಿದ್ದು' ಅಂದಳು.
ಆ ಬೆರಳೊಂದನ್ನು ದೂರ ಎತ್ತಿ ಹಿಡಿದು
ಉಳಿದವುಗಳಲ್ಲಿ ಸುಲಿಯುತ್ತಿದ್ದಳು.