ಒಂದು ಫುಲ್, ಒಂದು ಹಾಫ್

ಅಂಗಡಿಗೆ ಬಾಗಿಲು ಹಾಕುವುದು ಭಾನುವಾರ ಒಂದೇ.
ಹಾಗಾಗಿ ನಮ್ಮ ಪ್ರಯಾಣಗಳಿಗೆಲ್ಲ ಗಿಡ್ಡ ಬಾಲ:
ಬೆಳಿಗ್ಗೆ ಹೊರಟು, ರಾತ್ರಿಯೂಟಕ್ಕೆ ಮೈಸೂರು.
ಸೋಮವಾರ ಒಂಬತ್ತಕ್ಕೆ ಮತ್ತೆ ನಾನು
ಕನ್ನಡಕದ ಗಾಜು ಉಜ್ಜುತ್ತಿರಬೇಕು.

ಸಬರ್ಬ್ ಸ್ಟ್ಯಾಂಡಿನಲ್ಲಿ ನಮ್ಮ ಮನೆ ಎರಡು ಪಾಲು.
ರತ್ನಮಾಲ, ಇಂಚರ ಆಧಾರ್ ಕಾರ್ಡು ತೋರಿಸಿ
ಸೊನ್ನೆ ಚೀಟಿ ಹಿಡಿದು ರಾಣಿಯರ ಹಾಗೆ ಕೂರುತ್ತಾರೆ.
ದುಡ್ಡು ಕೊಡುವವರು ನಾನು, ನಿಶ್ಚಲ.
(ಹೆಸರಷ್ಟೇ ನಿಶ್ಚಲ, ಒಂದು ಕಡೆ ನಿಂತವನಲ್ಲ.)
'ಒಂದು ಫುಲ್, ಒಂದು ಹಾಫ್' ಅನ್ನುತ್ತೇನೆ.
ಕಂಡಕ್ಟರು ಮಗನನ್ನು ತಲೆಯಿಂದ ಕೆಳಕ್ಕೆ ಓದುತ್ತಾನೆ:
'ಎಷ್ಟನೇ ಕ್ಲಾಸು ಮರಿ?'
'ಐದು.'
ಏಳಕ್ಕೆ ಪಾಸಾದ ಹುಡುಗ.
ಸುಳ್ಳು ನಾನು ಹೇಳಿಕೊಟ್ಟದ್ದು;
ಮೊಣಕಾಲು ಚೂರು ಬಗ್ಗಿಸಿ ನಿಲ್ಲುವುದು
ಅವನೇ ಕಲಿತದ್ದು.

ಏಪ್ರಿಲ್‌ನಲ್ಲಿ ಪಾಂಡವಪುರ, ದೊಡ್ಡಮ್ಮನ ಮನೆ.
ಈಜು ಕಲಿಸುತ್ತೇನೆಂದು ಲಾರಿ ಟ್ಯೂಬು ಹೊತ್ತು ಹೋದರೆ
ನಾಲೆಗೆ ನೀರೇ ಬಿಟ್ಟಿರಲಿಲ್ಲ.
ಒಣಗಿದ ನಾಲೆಯ ನಡುವೆ ಹುಡುಗರು ವಿಕೆಟ್ ನೆಟ್ಟರು.
ಎರಡೂ ಕಡೆ ಇಳಿಜಾರು, ಹೊಡೆದ ಚೆಂಡು
ತಾನಾಗಿ ಉರುಳಿ ವಾಪಸು ಬರುವ ಮೈದಾನ!
ಸಂಜೆ ದೊಡ್ಡಮ್ಮ ಅವನ ಗದ್ದ ಹಿಡಿದೆತ್ತಿ
'ಎಷ್ಟುದ್ದ ಆಗ್ಬುಟ್ಟವ್ನೆ ನೋಡ್ಲಾ,
ಇನ್ನೊಂದೊರ್ಸಕ್ಕೆ ತಲೆಬಾಗ್ಲು ತಗಲ್ತದೆ' ಅಂದಳು.
ಅದೂ ಬಸ್ಸಿನ ಮೆಟ್ಟಿಲ ಬಳಿ, ಕಂಡಕ್ಟರಿಗೆ ಕೇಳುವಂತೆ.
ಆತ ನಕ್ಕು ಹಾಫೇ ಕೊಟ್ಟ,
ಟ್ಯೂಬಿಗೆ ಲಗೇಜು ಹಾಕಿದ.

ಮಳವಳ್ಳಿಯ ಷಡ್ಡಕನ ಮನೆಯಲ್ಲಿ ಹೊಸ ಸೋಫಾ.
ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ, ಕೂತರೆ ತೊಡೆಗೆ ಅಂಟು.
ಅಕ್ಕತಂಗಿಯರ ಮಾತು ಬಸ್ಸಾರಿನ ಜೊತೆ ಕುದಿಯುತ್ತಿತ್ತು;
ನಾವಿಬ್ಬರು ಗಂಡಸರು ಟಿವಿಯಲ್ಲಿ ಯಾರದೋ ಮ್ಯಾಚು.
ಹೊರಡುವಾಗ ಇಂಚರಳ ಕೈಗೆ ಐವತ್ತು, ಇವನಿಗೆ ನೂರು,
'ದೊಡ್ಡೋನು' ಅಂತ.
ಬನ್ನೂರು ದಾಟುವ ತನಕ ಅದೇ ಜಗಳ.

ಮೇ ತಿಂಗಳಿಗೆ ಶಿಬಿರ: ಕೊಕ್ಕರೆ ಬೆಳ್ಳೂರಿನಲ್ಲಿ
ಏಳು ರಾತ್ರಿ, ಹಕ್ಕಿ ಎಣಿಸುವ ಕೆಲಸ.
ರತ್ನಮಾಲ ಟವೆಲಿಗೂ ಹೆಸರು ಹೊಲಿದು ಕಳಿಸಿದಳು.
ಮೊದಲ ರಾತ್ರಿ ಇಂಚರ ನಾಲ್ಕು ತಟ್ಟೆ ಇಟ್ಟು
ಒಂದನ್ನು ಎತ್ತಿಕೊಂಡು ಹೋದಳು, ಸದ್ದಿಲ್ಲದೆ;
ನೂರು ರೂಪಾಯಿಯ ಜಗಳ ಆಡಲು ಆಳಿಲ್ಲ.
ಫೋನಿನಲ್ಲಿ ಅವನದು ದಿನಾ ಒಂದೇ ಪದ: 'ಆಯ್ತು'.

ಕರೆತರಲು ಹೋದವನು ನಾನೊಬ್ಬನೆ.
ಹುಣಸೆಮರದ ಕೆಳಗೆ, ಗೂಡಿನಿಂದ ಬಿದ್ದ ಹೆಜ್ಜಾರ್ಲೆ ಮರಿ.
ಅದರ ಬಾಯಿಚೀಲದೊಳಗೆ
ಮಣಿಕಟ್ಟಿನವರೆಗೆ ಕೈ ಇಳಿಸಿ ಮೀನು ಬಿಡುತ್ತಿದ್ದ ಹುಡುಗ
ನನ್ನವನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು,
ಊರಿನ ಕಣ್ಣಿಗೆಲ್ಲ ನಂಬರು ಕೂರಿಸುವ ನನಗೆ.
ತನ್ನ ಪುಸ್ತಕ ತೋರಿಸಿದ: ಮರ, ಗೂಡು, ಮರಿ.
ಅಲ್ಲಲ್ಲಿ ಗೀಟು, ಪಕ್ಕದಲ್ಲಿ ಬೇರೆ ಅಂಕಿ.
'ತಪ್ಪೆಣಿಸಿದ್ರೆ ಅಳಿಸಂಗಿಲ್ಲ ಅಪ್ಪ.
ಗೀಟು ಹಾಕಿ, ಪಕ್ಕ ಸರಿ ಬರೀಬೇಕು.
ತಪ್ಪಿದ್ದೂ ಕಾಣ್ಬೇಕಂತೆ.'

ಮದ್ದೂರಿನಲ್ಲಿ ಬಸ್ಸು ಬದಲಿಸಿದೆವು.
'ಒಂದು ಫುಲ್, ಒಂದು…'
'ಎರಡು ಫುಲ್' ಅಂದ,
ಹೊರಗೆ ಕಬ್ಬಿನ ಗಾಡಿಗಳನ್ನು ನೋಡುತ್ತಲೇ.
ಕಂಡಕ್ಟರು ಮುಖ ಕೂಡ ಎತ್ತಲಿಲ್ಲ. ಚಿಲ್ಲರೆಯಿಲ್ಲ,
ಟಿಕೆಟ್ಟಿನ ಬೆನ್ನಿಗೆ 'ಬಾಕಿ 14' ಗೀಚಿ ಮುಂದೆ ಹೋದ.

ಮಂಡ್ಯ ಬರುವಷ್ಟರಲ್ಲಿ ಅವನಿಗೆ ನಿದ್ದೆ.
ಸೀಟಿನಡಿ ಹಿಡಿಸದ ಕಾಲು ಓಡಾಡುವ ದಾರಿಗೆ ಚಾಚಿತ್ತು,
ಹತ್ತಿದವರು ಇಳಿದವರು ದಾಟಿಕೊಂಡು ಹೋದರು.
ಬೆರಳಿನಲ್ಲಿ ಮೀನಿನ ನಾತ.

ಹದಿನಾಲ್ಕು ರೂಪಾಯಿ ಕೇಳಲು ಮರೆತು ಇಳಿದೆ.
ಬಸ್ಸು ಡಿಪೋ ಕಡೆ ತಿರುಗಿದ ಮೇಲೆ ನೆನಪಾಯಿತು.
'ಓಡಿ ಹಿಡೀಲಾ?' ಅಂತ ಚೀಲ ಕೆಳಗಿಟ್ಟ.
ಬೇಡ ಬಿಡು, ಅಂದೆ.
ಎಷ್ಟು ಭಾನುವಾರದ ಹಾಫು, ಲೆಕ್ಕ ಹಾಕಿದರೆ
ಬಾಕಿ ನಮ್ಮದೇ.